ಓರೆ ಹೋದ ಒಂದೇ ವೈರು

ಗೋಡೆಯೊಳಗಿನ ವೈರು ನೇರ ಮೇಲಕ್ಕೆ ಹೋಗಬೇಕು, ಇಲ್ಲವೇ ನೇರ ಅಡ್ಡಕ್ಕೆ. ಓರೆ ಹೋಯಿತೋ, ಯಾರದೋ ಪ್ರಾಣಕ್ಕೆ ಕುತ್ತು. ಮೂವತ್ತೆಂಟು ವರ್ಷ ಇದನ್ನೇ ಹೇಳಿ ಹೇಳಿ ವೈರಿಂಗ್ ಮೇಸ್ತ್ರಿಗೆ ನೆಟ್ಟಗಣ್ಣ ಎಂದೇ ಹೆಸರು ಬಿದ್ದಿತ್ತು.

ತೂಗುಗುಂಡು ಇಳಿಬಿಟ್ಟು ಗೆರೆ ಹಾಕದೆ ಅವನು ಉಳಿ ಎತ್ತಿದವನಲ್ಲ. ಓರೆ ಹಾಕಿದರೆ ಎರಡು ಅಡಿ ಪೈಪ್ ಉಳಿಯುತ್ತದಲ್ಲ ಎಂದು ಯಾವನಾದರೂ ಬಾಯಿ ಬಿಟ್ಟರೆ ಮುಗಿಯಿತು ಕಥೆ.

"ಪೈಪ್ ಉಳಿಸಿ ಹೆಂಡ್ತೀನ ಕಳ್ಕೊತೀರೇನ್ರೀ? ನಾಳೆ ಆಯಮ್ಮ ಮೊಳೆ ಹೊಡೆಯೋವಾಗ ನಿಮ್ಮನ್ನ ಕೇಳ್ತಾರಾ?"

ಗಾರೆ ಮೆತ್ತುವ ಮೊದಲು ಮನೆಯಾಕೆಯನ್ನು ಕರೆದು ಒಂದೊಂದು ಪೈಪನ್ನೂ ಮುಟ್ಟಿಸುತ್ತಿದ್ದ. ಗಂಡಸರು ಮರೆಯುತ್ತಾರೆ, ಮೊಳೆ ಹೊಡೆಯುವ ಕೈ ಮರೆಯುವುದಿಲ್ಲ ಎಂಬುದು ಅವನ ವಾದ. ಹೆಂಡತಿ ನಗುತ್ತಿದ್ದಳು. "ಊರ ಹೆಂಗಸರ ಕೈಗೆಲ್ಲ ಪಾಠ ಹೇಳ್ತೀರಿ, ನನ್ನ ಕೈಗೆ ಒಂದು ಬಳೆ ತರೋಕೆ ಮಾತ್ರ ಮರೆವು!" ಎಂಥ ಕಾಲ ಅದು!

ಈಗ ಹೆಂಡತಿ ಹೋಗಿ ಮೂರು ವರ್ಷ. ಮೊಣಕಾಲು ಕೈಕೊಟ್ಟಿದೆ. ಆ ಬೆಳಿಗ್ಗೆ ಅವನು ಜಗಲಿಯಲ್ಲಿ ಕೂತು ಹಳೆಯ ಮನೆಗಳನ್ನು ನೆನೆಯುತ್ತಿದ್ದ: ಯಾವ ಗೋಡೆ ಇಟ್ಟಿಗೆಯದು, ಯಾವುದು ಕಲ್ಲಿನದು, ಯಾವ ಮನೆಯಲ್ಲಿ ಕಾಫಿ ನೀರು ನೀರು. ಅಷ್ಟರಲ್ಲಿ ಒಳಗೆ ಡ್ರಿಲ್ ಸದ್ದಾಯಿತು. ತಾಯಿಯ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಮಗಳು ದಾರದ ಡಬ್ಬಿಗಳಿಗೆ ಹಲಗೆ ಕೂರಿಸಲು ಹೊರಟಿದ್ದಳು. ಸ್ವಿಚ್ಚಿನ ನೇರ ಮೇಲೆ ಬೇಡ, ನೇರ ಪಕ್ಕಕ್ಕೂ ಬೇಡ, ಮಿಕ್ಕ ಗೋಡೆಗೆ ಭಯವಿಲ್ಲ ಎಂದು ಅಪ್ಪ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದ. ಅವಳು ಅಪ್ಪನ ಮಾತು ನಂಬಿ ಮಿಕ್ಕ ಗೋಡೆಗೇ ಡ್ರಿಲ್ ಇಟ್ಟಿದ್ದಳು.

ನೆಟ್ಟಗಣ್ಣ ಕೂತಲ್ಲಿಂದ ಎದ್ದ. ಅಯ್ಯೋ, ಆ ಗೋಡೆ! ಕೂಗಿದ, ಆ ಸದ್ದಿನಲ್ಲಿ ಕೇಳುವವರು ಯಾರು? ಓಡಲು ಕಾಲಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಎಳೆದು ಜಗಲಿಯ ಮೇನ್ ಸ್ವಿಚ್ ಆರಿಸಿದ. ಸದ್ದು ನಿಂತಿತು. ನಿಂತದ್ದು ಬರೀ ಡ್ರಿಲ್ಲೋ, ಮಗಳಿಗೇ ಏನಾದರೂ ಆಯಿತೋ? ಆ ಗಳಿಗೆ ಶತ್ರುವಿಗೂ ಬೇಡ.

"ಅಪ್ಪಾ, ಕರೆಂಟ್ ಹೋಯ್ತು!"

ಅವನು ಮೇನ್ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಮಗಳು ಓಡಿ ಬಂದಳು.

"ಹೋಗಿಲ್ಲಮ್ಮ, ನಾನೇ ತೆಗ್ದೆ. ಆ ಗೋಡೇಲಿ ವೈರು ಓರೆಯಾಗಿದೆ."

"ಯಾವ ಪುಣ್ಯಾತ್ಮ ಹಾಕಿದ್ದು?"

"ನಾನೇ."

ಆಗ ಮಗಳು ಊರಲ್ಲಿರಲಿಲ್ಲ, ಹೆಂಡತಿ ಹಾಸಿಗೆ ಹಿಡಿದ ಹೊಸತು. ಅವನು ಹಿತ್ತಲಲ್ಲಿದ್ದಾಗ ನೀರಿಗೆಂದು ಏಳಲು ಹೋಗಿ ಬಿದ್ದಳು. ಎಷ್ಟು ಹೊತ್ತು ಕೂಗಿದಳೋ, ಅವನಿಗೆ ಕೇಳಿಸಲಿಲ್ಲ. ಅವತ್ತೇ ಹಾಸಿಗೆಯಿಂದ ಹಿತ್ತಲಿಗೆ ಬೆಲ್ಲಿನ ವೈರು ಎಳೆದ. ನೇರ ಹಾಕಲು ಪೈಪ್ ಸಾಲದು, ಅಂಗಡಿಗೆ ರಜೆ. ಓರೆ ಕೊರೆದು ಮುಚ್ಚಿದ.

"ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಮಲಗಿದವಳ ಮುಖಕ್ಕೆ ಧೂಳು ಎಬ್ಬಿಸೋದು ಹೇಗೆ? ದಿನಕ್ಕೆ ಹತ್ತು ಸಲ ಒತ್ತೋಳು. ಏನೇ ಅಂತ ಓಡಿ ಬಂದ್ರೆ, ಏನಿಲ್ಲ, ಸುಮ್ನೆ ಅನ್ನೋಳು."

ಮಗಳಿಗೆ ಈಗ ಸಿಟ್ಟು ನೆತ್ತಿಗೇರಿತು.

"ನನ್ನ ಹೆಣ ಬೀಳ್ತಿತ್ತಲ್ಲಪ್ಪಾ! ಒಂದು ಮಾತು ಹೇಳೋಕೆ ಏನಾಗಿತ್ತು?"

"ನಾಚಿಕೆ ಆಯ್ತಮ್ಮ. ಊರಿಗೆಲ್ಲ ಬುದ್ಧಿ ಹೇಳ್ದೋನು."

"ನಾಚಿಕೆಯಂತೆ! ಅಮ್ಮ ಹೋದ್ಮೇಲೆ ಕನೆಕ್ಷನ್ ಆದ್ರೂ ಬಿಡಿಸಬಹುದಿತ್ತಲ್ಲ? ಮೂರು ವರ್ಷದಿಂದ ಸುಮ್ನೆ ಯಾಕೆ ಕರೆಂಟ್ ಅದರಲ್ಲಿ?"

ಅವನು ತಲೆ ಎತ್ತಲಿಲ್ಲ. "ಬಿಡಿಸಿದ್ರೆ, ಅವಳು ಇನ್ನು ಕರೆಯೋದೇ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಲ್ವೇನಮ್ಮ?"

ಮಗಳ ಸಿಟ್ಟು ಅಲ್ಲೇ ಕರಗಿತು. ರಟ್ಟೆ ಹಿಡಿದು ಅವನನ್ನು ಕೋಣೆಗೆ ಕರೆದೊಯ್ದಳು. ಅವನು ಸ್ವಿಚ್ ಬೋರ್ಡ್ ತೆಗೆದು ಬೆಲ್ಲಿನ ಎರಡು ವೈರುಗಳಲ್ಲಿ ಮೊದಲನೆಯದನ್ನು ಬಿಡಿಸಿದ. ಎರಡನೆಯದರ ಸ್ಕ್ರೂ ಕಣ್ಣೀರಿನಲ್ಲಿ ಕಾಣಲಿಲ್ಲ. ಅದನ್ನು ಮಗಳೇ ಬಿಚ್ಚಿದಳು.