ಎರಡು ಐದನೇ ಫೈಲುಗಳು

ದವಾಖಾನೆಯ ಕಂಪ್ಯೂಟರ್ ನೋಡಿಕೊಳ್ಳುವಾಕೆಗೆ ಎಲ್ಲರೂ ಇಟ್ಟ ಹೆಸರು ಬೀಗದಕ್ಕ. ಮನೆ ಬೀಗವನ್ನು ಮೂರು ಸಲ ಜಗ್ಗಿ ನೋಡದೆ ಮೆಟ್ಟಿಲಿಳಿಯದ ಹೆಂಗಸು. ಆದರೆ ಆನೆಯಂಥದೂ ಮುಗ್ಗರಿಸುತ್ತದೆ.

ರೋಗಿಗಳ ವಿವರ ಇಡುವ ಅಪ್ಲಿಕೇಷನ್ ಹೊರಗಿನವರು ಬರೆದದ್ದು. ಡೇಟಾಬೇಸಿನಲ್ಲಿ ಏನು ಬದಲಿಸಿದರೂ ಅವರು ಒಂದು, ಎರಡು ಎಂದು ನಂಬರು ಕೊಟ್ಟ ಮೈಗ್ರೇಷನ್ ಫೈಲಿನಲ್ಲಿ ಬರೆದಿಡುತ್ತಾರೆ. ಯಂತ್ರ ಆ ಕ್ರಮದಲ್ಲೇ ಅವನ್ನು ನಡೆಸುತ್ತದೆ. ನಾಲ್ಕು ವರ್ಷದ ಹಿಂದೆ, ಯಾರಿಗೆ ಯಾವ ಔಷಧಿ ಒಗ್ಗದು ಎಂದು ಬರೆಯಲು ಒಂದು ಕಾಲಂ ಬೇಕಾಯಿತು. ಆಗ ಅವರ ಫೈಲು ನಾಲ್ಕೇ ಇದ್ದವು; ಬೀಗದಕ್ಕ ಅವಸರದಲ್ಲಿ ತನ್ನದೊಂದು ಐದನೇ ಫೈಲನ್ನು ಅವರ ಫೋಲ್ಡರಿನೊಳಗೇ ತುರುಕಿದಳು. ಬಾಡಿಗೆ ಮನೆಯ ಗೋಡೆಗೆ ಕೇಳದೆ ಮೊಳೆ ಹೊಡೆದ ಹಾಗೆ. ಯಾರಿಗೂ ಹೇಳಲಿಲ್ಲ.

ಇಂದು ಹನ್ನೆರಡಕ್ಕೆ ಹೊಸ ಆವೃತ್ತಿ ಹಾಕಿದಳು. ಅದರಲ್ಲಿ ಅವರದೂ ಒಂದು ಐದನೇ ಫೈಲು! ಎರಡು ಐದು ಇವೆ, ಒಂದುಗೂಡಿಸಲೇ ಎಂದು ಯಂತ್ರ ಕೇಳಿತು. ಮೊದಲು ಡೇಟಾಬೇಸಿನ ನಕಲಿನ ಮೇಲೆ 'ಹೂಂ' ಅಂದು ನೋಡಿದಳು. ಅವರ ಫೈಲು ಕೋಷ್ಟಕವನ್ನೇ ಹೊಸದಾಗಿ ಕಟ್ಟಿ, ತನಗೆ ಗುರುತಿಲ್ಲದ ಅವಳ ಕಾಲಂ ಅನ್ನು ಗುಡಿಸಿ ಹಾಕಿತ್ತು. ಮುನ್ನೂರ ಹನ್ನೆರಡು ಜನರ ಔಷಧಿ ಎಚ್ಚರಿಕೆ ಮಂಗಮಾಯ.

ಆ ಪಟ್ಟಿಯಲ್ಲಿ ಅವಳ ಅತ್ತಿಗೆಯೂ ಇದ್ದಳು. ಒಮ್ಮೆ ಪೆನ್ಸಿಲಿನ್ ಚುಚ್ಚಿ ಮುಖ ಊದಿ, ಉಸಿರೇ ನಿಲ್ಲುವುದರಲ್ಲಿತ್ತು. ಈಗ ಯಾರು ಕೇಳಿದರೂ, "ಎಲ್ಲ ನಮ್ಮ ನಾದಿನಿ ಕಂಪ್ಯೂಟರಲ್ಲಿದೆ" ಅನ್ನುತ್ತಾಳೆ. ಕಾಲಿನ ಗಾಯ ಕೀವಾಗಿ, ಇಂದು ಎರಡಕ್ಕೆ ಬರುವವಳಿದ್ದಳು.

ಕೆಳಗಿನಿಂದ ನರ್ಸ್ ಫೋನ್ ಮಾಡಿದಳು. "ಅಕ್ಕ, ಎರಡಕ್ಕೆ ಜನ ಬರ್ತಾರೆ. ಆಗತ್ತಾ?"

"ಆಗತ್ತೆ," ಅಂದಳು.

ಎಚ್ಚರಿಕೆಗಳನ್ನೆಲ್ಲ ತನ್ನದೇ ಹೊಸ ಕೋಷ್ಟಕಕ್ಕೆ ಸಾಗಿಸಿ, ನರ್ಸ್ ನೋಡುವ ಪರದೆಗೆ ಅದನ್ನು ಜೋಡಿಸಿದಳು. ಅವರ ಫೋಲ್ಡರಿನಿಂದ ತನ್ನ ಐದನೆಯದನ್ನು ಕಿತ್ತು, ಅದು ನಡೆದಿತ್ತೆಂಬ ದಾಖಲೆಯನ್ನೂ ಅಳಿಸಿ, ಅವರ ಐದನೆಯದಕ್ಕೆ ದಾರಿ ಬಿಟ್ಟಳು. ನಕಲಿನಲ್ಲಿ ಸರಿಹೋಯಿತು. ಅಸಲಿನ ಮೇಲೆ ಎಂಟರ್ ಒತ್ತಿದಳು. ಎಣಿಸಿದಳು: ಮುನ್ನೂರ ಹನ್ನೆರಡು. ಮೂರು ಸಲ ಎಣಿಸಿದಳು. ಎರಡಕ್ಕೆ ಐದು ನಿಮಿಷವಿತ್ತು.

ಕೆಳಗಿನವರಿಗೆ ಶುರುಮಾಡಿ ಎಂದು ಹೇಳಿ, ಎರಡೂಕಾಲಿಗೆ ಸಮಾಧಾನಕ್ಕೆಂದು ಅತ್ತಿಗೆಯ ಸಾಲು ತೆರೆದಳು. ಪೆನ್ಸಿಲಿನ್ ಇರಬೇಕಾದ ಕಡೆ 'ಅಆಇಈ' ಎಂದಿತ್ತು.

ಹಳೆಯ ನಕಲು ತೆರೆದಳು, ಅಲ್ಲೂ ಅದೇ. ಇದು ಇವತ್ತು ಕೆಟ್ಟದ್ದಲ್ಲ. ನಾಲ್ಕು ವರ್ಷದ ಹಿಂದೆ, ಕಾಲಂ ಕೆಲಸ ಮಾಡುತ್ತದೋ ಎಂದು ಅತ್ತಿಗೆಯ ಸಾಲಿನಲ್ಲೇ ಏನೋ ಕುಟ್ಟಿ ನೋಡಿದ್ದಳು. ಆಮೇಲೆ ತಿದ್ದಿರಲಿಲ್ಲ.

ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಓಡಿದಳು. ನರ್ಸ್ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಳು.

"ಬೇಡ! ಅವರಿಗೆ ಪೆನ್ಸಿಲಿನ್ ಆಗಲ್ಲ!"

ನರ್ಸ್ ಕೈ ಅಲ್ಲೇ ನಿಂತಿತು. "ಕಂಪ್ಯೂಟರಲ್ಲಿ ಏನೋ ಅಆಇಈ ಅಂತಿದೆಯಲ್ಲ ಅಕ್ಕ..."

ತೋಳು ಮಡಿಸಿ ಕೂತಿದ್ದ ಅತ್ತಿಗೆ ನಕ್ಕಳು. "ಏನೇ, ಬರಿಗಾಲಲ್ಲಿ ಓಡಿ ಬಂದೆ? ಬೀಗ ಹಾಕೋದು ಮರೆತ್ಯಾ?"

"ಹೂಂ ಅತ್ತಿಗೆ," ಎಂದು ಬೀಗದಕ್ಕ ನೆಲದ ಮೇಲೇ ಕುಸಿದು ಕೂತಳು. "ನಾಲ್ಕು ವರ್ಷದಿಂದ."