ಸಫರ್ಗುಲ್ ಕೇಳಿದ ಉಡುಗೊರೆ

ತಾಜಿಕರ ನಾಡಿನ ತೂತಕ್ ಊರಿನಲ್ಲಿ ಯಾರ ಮನೆಯಲ್ಲಿ ಏನು ಒಳ್ಳೆಯದಾದರೂ ಅದು ಮನೆಯವರಿಗಿಂತ ಮೊದಲು ಸಫರ್ಗುಲ್‌ಗೆ ತಿಳಿಯುತ್ತಿತ್ತು. ಸೈನ್ಯಕ್ಕೆ ಹೋದ ಹುಡುಗ ಬಸ್ಸಿಳಿದರೆ, ಕಳೆದುಹೋದ ಹಸು ಸುರ್ಖೋಬ್ ನದಿಯ ಆಚೆ ದಡದಲ್ಲಿ ಮೇಯುತ್ತಿದ್ದರೆ, ಯಾರದೋ ಸೊಸೆ ಗಂಡು ಹೆತ್ತರೆ, ಹೆಣ್ಣು ಹೆತ್ತರೂ ಅಷ್ಟೇ, ಈ ಹೆಂಗಸು ಕೈಗೆ ಮೆತ್ತಿದ ರೊಟ್ಟಿಹಿಟ್ಟನ್ನೂ ತೊಳೆಯದೆ, ಒಂದು ಕಾಲಿನ ರಬ್ಬರ್ ಜೋಡನ್ನು ದಾರಿಯಲ್ಲೇ ಬಿಟ್ಟು ಓಡುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತಾ, "ಸುಯುಂಚಿ! ಮೊದ್ಲು ಸುಯುಂಚಿ ಕೊಡಿ, ಆಮೇಲೆ ಹೇಳ್ತೀನಿ!" ಎಂದು ಕೂಗುತ್ತಿದ್ದಳು. ಒಳ್ಳೆಯ ಸುದ್ದಿ ತಂದವರಿಗೆ ಕೊಡುವ ಉಡುಗೊರೆಗೆ ಅಲ್ಲಿ ಸುಯುಂಚಿ ಎನ್ನುತ್ತಾರೆ. ಅದರಲ್ಲಿ ಜಿಪುಣತನ ಮಾಡಿದರೆ ಬಂದ ಒಳ್ಳೆಯದು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಎಲ್ಲರ ನಂಬಿಕೆ. ಹಾಗಾಗಿ ಅವಳ ಪೆಟ್ಟಿಗೆಯಲ್ಲಿ ತಲೆವಸ್ತ್ರಗಳಿಗೆ ಬರವಿರಲಿಲ್ಲ.

ದುಡ್ಡಿಗಾಗಿ ಓಡುವವಳಲ್ಲ ಅವಳು. ಮೊಟ್ಟೆ ಕೊಟ್ಟರೂ ಸರಿ, ಈರುಳ್ಳಿ ಕೊಟ್ಟರೂ ಸರಿ. ಸುದ್ದಿ ಕೇಳಿದವರ ಮುಖ ಅರಳುವುದನ್ನು ಎದುರಿಗೇ ನಿಂತು ನೋಡಬೇಕು, ಅದೇ ಅವಳ ಹುಚ್ಚು. ಮೈ ನೋಡಿದರೆ ಹಿಟ್ಟಿನ ಮೂಟೆ, ಓಟ ನೋಡಿದರೆ ಆಡಿನ ಮರಿ. ಆ ಎರಡೂ ಒಂದೇ ಹೆಂಗಸಿನಲ್ಲಿ ಹೇಗೆ ಕೂಡಿಬಂದವೋ ದೇವರೇ ಬಲ್ಲ.

ಯುದ್ಧದ ವರ್ಷಗಳಲ್ಲಿ ಮಾತ್ರ ಅವಳು ಓಡಲಿಲ್ಲ. ತಾಜಿಕರು ತಾಜಿಕರನ್ನೇ ಕೊಂದ ಆ ವರ್ಷಗಳಲ್ಲಿ ಊರಿಗೆ ಬರುತ್ತಿದ್ದದ್ದೆಲ್ಲ ಸಾವಿನ ಸುದ್ದಿ. ಅವಳ ಗಂಡನದೂ ಹಾಗೆಯೇ ಬಂತು. ಆಗ ಅವಳು ಬಾಗಿಲು ಮುಚ್ಚಿಕೊಂಡು, ಮಗಳು ಮೌಲೂದಾಳನ್ನು ಅಪ್ಪಿಕೊಂಡು ಕುಳಿತುಬಿಟ್ಟಿದ್ದಳು. ಸಂಧಿಯಾಯಿತು ಎಂದು ರೇಡಿಯೋದಲ್ಲಿ ಕೇಳಿದ ದಿನ ಎದ್ದವಳು ಊರಿನ ಈ ತುದಿಯಿಂದ ಆ ತುದಿಯವರೆಗೆ ಓಡಿ ಮನೆಮನೆಯಲ್ಲೂ ಸುಯುಂಚಿ ಕೇಳಿದಳು. ಎಲ್ಲರ ಮನೆಯಲ್ಲೂ ರೇಡಿಯೋ ಇತ್ತು, ಎಲ್ಲರಿಗೂ ಸುದ್ದಿ ಗೊತ್ತಿತ್ತು. ಆದರೂ ಒಬ್ಬರೂ ಹಾಗೆಂದು ಹೇಳಲಿಲ್ಲ. ಅಳುತ್ತಾ ನಗುತ್ತಾ ಒಣ ಏಪ್ರಿಕಾಟ್ ತಂದು ಅವಳ ಉಡಿಗೆ ಸುರಿದರು.

ಸಂಧಿಯ ಹಿಂದೆಯೇ ಊರು ಕಟ್ಟುವ ಹಣ ಬಂತು. ಒಂದಿಷ್ಟು ಸರ್ಕಾರದ್ದು, ಒಂದಿಷ್ಟು ಹೊರದೇಶದವರದು. ಯುದ್ಧದಲ್ಲಿ ಸುಟ್ಟುಹೋಗಿದ್ದ ಹೆರಿಗೆ ಮನೆಯನ್ನು ಮತ್ತೆ ಕಟ್ಟಬೇಕೆಂದು ತೀರ್ಮಾನವಾಗಿ, ಹಣ ಊರಿನ ಅಧ್ಯಕ್ಷನ ಕೈ ಸೇರಿತು. ಅವನ ಹೆಸರು ಖೋಲ್ಮುರಾದ್. ಊರವರು ಅಧ್ಯಕ್ಷ ಎನ್ನುವುದಕ್ಕೆ ರಯೀಸ್ ಎನ್ನುತ್ತಾರೆ, ಎದುರಿಗೆ ಕರೆಯುವಾಗ ಅಣ್ಣ ಎಂಬರ್ಥದ ಅಕಾ ಸೇರಿಸುತ್ತಾರೆ, ಅವನಿಗೂ ಆ ಹೆಸರೇ ಇಷ್ಟ. ಕೆಟ್ಟವನಲ್ಲ, ಕೈ ಮಾತ್ರ ಸ್ವಲ್ಪ ಅಂಟು. ಗೋಡೆ ಕಟ್ಟುವವರಿಗೆಂದು ಬಂದ ಕೂಲಿಯನ್ನು ಅವನು ನುಂಗಿ ನೀರು ಕುಡಿದ. "ನಮ್ಮ ಹೆಣ್ಣುಮಕ್ಕಳ ಮನೆ ಇದು, ಎಲ್ರೂ ಸೇರಿ ಕಟ್ಟೋಣ" ಎಂದು ಊರವರನ್ನೇ ಬಿಟ್ಟಿ ಕೆಲಸಕ್ಕೆ ಕರೆದ. ಒಬ್ಬರ ಮನೆ ಕೆಲಸಕ್ಕೆ ಊರೆಲ್ಲ ಕೈಜೋಡಿಸುವುದು ಅಲ್ಲಿ ತಲೆತಲಾಂತರದ ರೂಢಿ. ಜನ ಹಾಡು ಹೇಳಿಕೊಂಡು ಬಂದು ಗೋಡೆ ಎಬ್ಬಿಸಿದರು. ಆಮೇಲೆ ಸೂರಿಗೆಂದು ಒಂದು ಲಾರಿ ತುಂಬ ನೀಲಿ ಬಣ್ಣದ ತಗಡು ಬಂತು. ಲಾರಿ ಹೆರಿಗೆ ಮನೆಯ ಮುಂದೆ ನಿಲ್ಲದೆ ಸೀದಾ ರಯೀಸನ ಅಂಗಳಕ್ಕೆ ಹೋಯಿತು. ವಸಂತ ಮುಗಿಯುವುದರೊಳಗೆ ರಯೀಸನ ಹೊಸ ಅತಿಥಿಮನೆಯ ಮೇಲೆ ನೀಲಿ ಸೂರು ಮಿರಮಿರ ಮಿಂಚತೊಡಗಿತು. ಹೆರಿಗೆ ಮನೆಯ ಗೋಡೆಗಳ ನಡುವೆ ಕೋಳಿಗಳು ಓಡಾಡಿಕೊಂಡಿದ್ದವು.

ಸಫರ್ಗುಲ್‌ಗೆ ಇದು ಬರೀ ಊರಿನ ಮಾತಾಗಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಮೌಲೂದಾ ಜಿಲ್ಲಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಹಿಮದಲ್ಲಿ ಸಿಕ್ಕಿಕೊಂಡ ಲಾರಿಯಲ್ಲೇ ಹೆತ್ತಿದ್ದಳು. ಮಗು ಚಳಿ ತಡೆಯಲಿಲ್ಲ. ಈಗ ಅವಳಿಗೆ ಮತ್ತೆ ದಿನ ತುಂಬುತ್ತಿತ್ತು. ಅಳಿಯ ದುಡಿಯಲು ರಷ್ಯಾಕ್ಕೆ ಹೋಗಿದ್ದ. ಸೂಲಗಿತ್ತಿ ರಾನೋ ಲೆಕ್ಕ ಹಾಕಿ, "ಮೊದಲ ಹಿಮ ಬೀಳೋ ಹೊತ್ತಿಗೆ" ಎಂದಿದ್ದಳು. ಆ ಮಾತು ಕೇಳಿದಾಗಿನಿಂದ ಸಫರ್ಗುಲ್ ಬೆಳಗಾದರೆ ಮೊದಲು ಬೆಟ್ಟದ ತುದಿ ನೋಡುತ್ತಿದ್ದಳು, ಆಮೇಲೆ ಸೂರಿಲ್ಲದ ಆ ಗೋಡೆಗಳನ್ನು.

ತಡೆಯಲಾರದೆ ಒಂದು ದಿನ ರಯೀಸನ ಬಾಗಿಲಿಗೇ ಹೋದಳು.

"ರಯೀಸ್ ಅಕಾ, ಹೆರಿಗೆ ಮನೆಗೆ ಸೂರು ಯಾವಾಗ?"

"ದುಶಾನ್ಬೆ ಸರ್ಕಾರದಿಂದ ಎರಡನೇ ಕಂತು ಬರ್ಲಿ ಸಫರ್ಗುಲ್. ನನ್ ಕೈಲೇನಿದೆ?"

"ಕೈಲೇನೂ ಇಲ್ಲ ಬಿಡಿ. ತಲೆ ಮೇಲಿದ್ಯಲ್ಲ," ಎಂದು ಅವಳು ನೀಲಿ ತಗಡಿನ ಕಡೆ ಗದ್ದ ಎತ್ತಿದಳು.

ರಯೀಸ್ ಕೆಮ್ಮಿದ. "ಅದು ಭದ್ರವಾಗಿರ್ಲಿ ಅಂತ ಹಾಕ್ಸಿದ್ದಮ್ಮ. ಹೊರಗೆ ಬಿಟ್ರೆ ಕಳ್ಳರು ಹೊತ್ಕೊಂಡ್ ಹೋಗಲ್ವಾ?"

"ಅಯ್ಯೋ, ಹೌದಲ್ವಾ! ನಮ್ಮೂರಲ್ಲಿ ಕಳ್ಳರು ಎಲ್ಲಿದಾರೆ ಅಂತ್ಲೇ ಗೊತ್ತಾಗಲ್ಲ," ಎಂದು ಹೇಳಿ ಬಂದುಬಿಟ್ಟಳು. ಬಾಯಿ ಚುರುಕಾಗಿ ಆಡಿತೇ ಹೊರತು ಎದೆ ಭಾರವಾಗಿತ್ತು. ರಯೀಸನ ಹೆಂಡತಿ ಸೈಯೋರಾ ಕಿಟಕಿಯ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ.

ಅದೇ ಶರತ್ಕಾಲದಲ್ಲಿ ರಯೀಸ್ ಮಗನಿಗೆ ಮದುವೆ ಇಟ್ಟುಕೊಂಡ. ಮದುವೆ ಎಂದ ಮೇಲೆ ಊರಲ್ಲಿ ಒಬ್ಬರನ್ನೂ ಬಿಡುವ ಹಾಗಿಲ್ಲ. ಕಂಡರಾಗದವರನ್ನೂ ಕರೆಯಬೇಕು, ಕಂಡರಾಗದವರೂ ಬರಬೇಕು. ಬೆಳಗ್ಗೆಯಿಂದ ದೊಡ್ಡ ಕಡಾಯಿಗಳಲ್ಲಿ ಕುರಿಮಾಂಸದ ಪಲಾವು ಬೇಯುತ್ತಿತ್ತು. ಕ್ಯಾರೆಟ್ಟು ಜೀರಿಗೆಗಳ ವಾಸನೆಗೆ ನದಿಯಾಚೆಯ ನಾಯಿಗಳೂ ಈಜಿ ಬಂದವು ಎಂದು ಹುಡುಗರು ಹೇಳಿದರು. ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು, ನಡುವೆ ಅಂಗಳ. ಎಲ್ಲರ ಕಣ್ಣೆದುರಿಗೂ ಅತಿಥಿಮನೆಯ ನೀಲಿ ತಗಡಿನ ಚಾವಣಿ ಎತ್ತರಕ್ಕೆ ಎದ್ದು ಕಾಣುತ್ತಿತ್ತು. ಜನ ಪಲಾವು ತಿನ್ನುತ್ತಾ ಒಮ್ಮೆ ಮೇಲೆ ನೋಡುವರು, ಒಮ್ಮೆ ತಟ್ಟೆ ನೋಡುವರು.

ಮದುಮಗಳ ಕಾರು ಸೇತುವೆ ದಾಟಿತೆಂದು ಓಡಿ ಬಂದು ಹೇಳುವವರು ಯಾರು? ಅದು ಸಫರ್ಗುಲ್‌ಳ ಹಕ್ಕು. ಊರಿನಲ್ಲಿ ಅದನ್ನು ಯಾರೂ ಅವಳಿಂದ ಕಿತ್ತುಕೊಳ್ಳುತ್ತಿರಲಿಲ್ಲ. ಅವಳು ಮುಖ ಕೆಂಪಗೆ ಮಾಡಿಕೊಂಡು, ತಲೆವಸ್ತ್ರ ಕುತ್ತಿಗೆಗೆ ಜಾರಿಸಿಕೊಂಡು ಅಂಗಳದ ನಡುವೆ ಬಂದು ನಿಂತಳು.

"ಸುಯುಂಚಿ, ರಯೀಸ್ ಅಕಾ! ಸುಯುಂಚಿ! ನಿಮ್ಮ ಸೊಸೆ ಬಂದ್ಲು!"

ಮಾರುದ್ದದ ತುತ್ತೂರಿಗಳು ಗರ್ಜಿಸಿದವು. ಜಿಲ್ಲೆಯ ದೊಡ್ಡವರು ಪಕ್ಕದಲ್ಲೇ ಕುಳಿತಿದ್ದರು. ಅವರೆದುರು ಕೈ ಬಿಗಿ ಹಿಡಿಯುವುದುಂಟೇ? ರಯೀಸ್ ಎದೆಯುಬ್ಬಿಸಿ ಎದ್ದು, "ಮಖಮಲ್ಲು ತಗೋ!" ಎಂದು ಒಂದು ಥಾನು ಬಟ್ಟೆ ಚಾಚಿದ. ಅವಳು ಇನ್ನೂ ಉಸಿರು ಹಿಡಿಯಲಾರದೆ ಸುಮ್ಮನೆ ನಿಂತಿದ್ದಳು. ಅವಳಿಗೆ ಸಾಲದೆಂದು ಅವನು ತಿಳಿದ. "ಕಡಿಮೆ ಆಯ್ತಾ? ಕುರಿ ತಗೋ! ಇವತ್ತು ಏನ್ ಬೇಕಾದ್ರೂ ಕೇಳು ಸಫರ್ಗುಲ್, ಖೋಲ್ಮುರಾದ್ ಇಲ್ಲ ಅನ್ನಲ್ಲ! ಎಲ್ರೂ ಕೇಳಿಸ್ಕೊಂಡ್ರಲ್ಲ?"

"ಕೇಳಿಸ್ಕೊಂಡ್ವಿ!" ಎಂದು ಊರಿಗೆ ಊರೇ ಕೂಗಿತು.

ಸಫರ್ಗುಲ್ ಮಖಮಲ್ಲಿಗೇ ಕೈ ಚಾಚಲಿದ್ದಳು, ಸುಳ್ಳೇಕೆ ಹೇಳಬೇಕು. ಕಡುಗೆಂಪು ಬಣ್ಣದ ಒಳ್ಳೆಯ ಬಟ್ಟೆ ಅದು. ಅಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಗೋಡೆಗೊರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದ ಮೌಲೂದಾ ಕಣ್ಣಿಗೆ ಬಿದ್ದಳು. ಚಾಚಿದ ಕೈ ಹಿಂದಕ್ಕೆ ಬಂತು. ರಯೀಸನಿಗೆ ಸಿಟ್ಟು ಬಂದರೆ ಅವನೇ ಹಂಚುವ ಚಳಿಗಾಲದ ಗೋಧಿಹಿಟ್ಟಿನ ಪಾಲು ತನ್ನ ಮನೆಗೆ ಬರಲಿಕ್ಕಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ತೆರೆದಳು.

"ತಗಡು ಕೊಡಿ, ರಯೀಸ್ ಅಕಾ."

ತುತ್ತೂರಿಯವನು ಅರ್ಧದಲ್ಲೇ ಊದುವುದನ್ನು ನಿಲ್ಲಿಸಿದ.

"ಯಾವ... ಯಾವ ತಗಡು?"

"ಹೆರಿಗೆ ಮನೇದು. ಕಳ್ಳರು ಹೊತ್ಕೊಂಡ್ ಹೋಗ್ಬಾರ್ದು ಅಂತ ನಿಮ್ಮ ಸೂರಿನ ಮೇಲೆ ಜೋಪಾನ ಮಾಡಿದ್ರಲ್ಲ, ನೀವೇ ಹೇಳಿದ್ರಿ. ಗೋಡೆ ಎದ್ದಿದೆ, ಹಿಮ ಬರ್ತಿದೆ. ಮದುವೆ ದಿನ ಎಲ್ರೆದುರು ವಾಪಸ್ ಕೊಟ್ಟು ಪುಣ್ಯ ಕಟ್ಕೋಬೇಕು ಅಂತ ಕಾಯ್ತಿದ್ರೇನೋ! ಎಂಥ ದೊಡ್ಡ ಮನ್ಸು ನಿಮ್ದು!"

ರಯೀಸ್ ಇಂಗು ತಿಂದ ಮಂಗನಂತೆ ನಿಂತ. ಜಿಲ್ಲೆಯ ದೊಡ್ಡವರು ತಲೆಯೆತ್ತಿ ತಗಡು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೂ ಒಂದಿಬ್ಬರ ಮನೆಯ ಸೂರು ನೀಲಿಯೇ ಇತ್ತೋ ಏನೋ, ಬೇಗಬೇಗ ಚಹಾ ಕುಡಿಯತೊಡಗಿದರು. ಹೊರಗೆ ಕಾರಿನ ಹಾರ್ನು ಬಡಿದುಕೊಳ್ಳುತ್ತಿತ್ತು. ಸುಯುಂಚಿ ಕೊಡದೆ ಮದುಮಗಳು ಹೊಸ್ತಿಲು ದಾಟುವ ಹಾಗಿಲ್ಲ.

"ಅದು... ನೋಡೋಣ ಸಫರ್ಗುಲ್, ಮದುವೆ ಮುಗೀಲಿ..."

ಆಗ ಹೆಂಗಸರ ಕಡೆಯಿಂದ ಒಂದು ಗಟ್ಟಿ ದನಿ ಬಂತು. "ಒಮಿನ್!"

ಅದು ಸೈಯೋರಾ, ರಯೀಸನ ಹೆಂಡತಿಯೇ. ಜರಿಯ ಉಡುಪು ತೊಟ್ಟು, ಹಾಗೇ ಆಗಲಿ ಎಂದು ಹರಸುವವರಂತೆ ಎರಡೂ ಅಂಗೈ ಮೇಲೆತ್ತಿ ನಿಂತಿದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಅಂಗೈ ಎತ್ತಿದರು. ಊರಿನ ಹಿರಿಯ ನಿಯೋಜ್ ಬೋಬೋಗೆ ಕಿವಿ ಮಂದ, ನಡೆದದ್ದೊಂದೂ ತಿಳಿದಿರಲಿಲ್ಲ. ಇಷ್ಟೊಂದು ಕೈ ಎದ್ದದ್ದು ಕಂಡು ಹರಕೆಯ ಹೊತ್ತು ಬಂತೆಂದು ತಿಳಿದು ಅವರೂ ಅಂಗೈ ಎತ್ತಿ ಶುರುಮಾಡಿದರು. ಮನೆಗೆ ಬರಕತ್ತು ಬರಲಿ, ಕೊಟ್ಟ ಕೈಗೆ ದೇವರು ಹತ್ತರಷ್ಟು ಕೊಡಲಿ, ಹುಟ್ಟುವ ಮಕ್ಕಳು ನೂರು ವರ್ಷ ಬಾಳಲಿ. ಬೋಬೋ ಶುರುಮಾಡಿದರೆ ಬೇಗ ಮುಗಿಸುವವರಲ್ಲ. ಮುಗಿದಾಗ ಊರೆಲ್ಲ "ಒಮಿನ್" ಎಂದು ಅಂಗೈಯನ್ನು ಮುಖಕ್ಕೆ ಒತ್ತಿಕೊಂಡಿತು. ಬೇರೆ ದಾರಿ ಕಾಣದೆ ರಯೀಸನೂ ಒತ್ತಿಕೊಂಡ. ಹಿರಿಯರು ಹರಸಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವ ಗಂಡಸು ಆ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

ಮದುಮಗಳು ಒಳಗೆ ಬಂದಳು. ಆ ದಿನ ಕುಣಿದಷ್ಟು ಜನ ಯುದ್ಧ ಮುಗಿದ ದಿನವೂ ಕುಣಿದಿರಲಿಲ್ಲ.

ಮದುವೆಯ ಗದ್ದಲ ಅಡಗಿದ್ದೇ ತಡ, ಪಲಾವು ತಿಂದ ಗಂಡಸರೆಲ್ಲ ಏಣಿ ಸುತ್ತಿಗೆ ಹಿಡಿದು ಬಂದರು. ರಯೀಸ್ ಅಂಗಳದಲ್ಲಿ ನಿಂತು, "ಮೆಲ್ಲಗೆ ಕಣ್ರೋ, ಸೊಟ್ಟ ಮಾಡ್ಬೇಡಿ!" ಎಂದು ಕೂಗಿದ. ಒಬ್ಬ ಸೂರಿನ ಮೇಲಿಂದಲೇ, "ಬಿಡಿ ಅಕಾ, ನಮ್ ತಗಡು, ನಾವೇ ಜೋಪಾನ ಮಾಡ್ತೀವಿ!" ಎಂದ. ಹೆರಿಗೆ ಮನೆಗೆ ಸೂರಾಯಿತು. ಹಳೆಯ ಮೊಳೆ ತೂತುಗಳಿಗೆ ಡಾಂಬರು ಮೆತ್ತಿದರು. ಬೋಳಾದ ಅತಿಥಿಮನೆಗೂ ಊರವರೇ ಜೊಂಡು ಹಾಸಿ ಮಣ್ಣಿನ ಸೂರು ಹಾಕಿಕೊಟ್ಟರು. ಹೊಸ ಮದುಮಕ್ಕಳನ್ನು ಆಕಾಶದ ಕೆಳಗೆ ಮಲಗಿಸಲಾಗುತ್ತದೆಯೇ?

ಕಂಡವರೆಲ್ಲ "ದೊಡ್ಡ ಮನಸ್ಸು" ಎಂದು ಹೊಗಳುತ್ತಾ ಹೊಗಳುತ್ತಾ ರಯೀಸನಿಗೆ ಅದೊಂದು ರುಚಿ ಹತ್ತಿತು. ಹೊಗಳಿಕೆಯ ಭರದಲ್ಲಿ ಒಲೆಗೂ ಕಿಟಕಿಯ ಗಾಜಿಗೂ ಹಣ ಬಿಚ್ಚಿದ. ತಾನೇ ಕೊಟ್ಟೆನೆಂದು ಅವನೂ ನಂಬತೊಡಗಿದ. ರಾನೋಗೆ ಮಾತ್ರ ಮೈಯೆಲ್ಲ ಉರಿ.

"ಕದ್ದವನಿಗೆ ಹೊಗಳಿಕೆ ಬೇರೆ ಕೇಡು!"

"ತಗೊಂಡ್ ಹೋಗ್ಲಿ ಬಿಡೇ," ಎಂದಳು ಸಫರ್ಗುಲ್. "ಹೊಗಳಿಕೆ ಹೊದಿಸಿದ್ರೆ ನನ್ ಮಗಳಿಗೆ ಬೆಚ್ಚಗಾಗತ್ತಾ? ತಗಡು ನಮ್ಗೆ ಸಿಕ್ತಲ್ಲ." ಹೀಗೆ ಹೇಳಿದವಳು ಬೀದಿಯಲ್ಲಿ ರಯೀಸ್ ಎದುರಾದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನು ಪಕ್ಕದ ಓಣಿಗೆ ನುಸುಳುತ್ತಿದ್ದ.

ರಾನೋ ಹೇಳಿದ್ದಂತೆ ಮೊದಲ ಹಿಮದ ದಿನ ಬೆಳಗ್ಗೆಯೇ ಮೌಲೂದಾಗೆ ನೋವು ಬಂತು. ಮಗಳ ಕೂಗು ಕೇಳಲಾರದೆ ಸಫರ್ಗುಲ್ ಹೆರಿಗೆ ಮನೆಯ ಹೊರಕೋಣೆಯ ಬೆಂಚಿನ ಮೇಲೆ ಕಿವಿ ಮುಚ್ಚಿಕೊಂಡು ಕುಳಿತಳು. ಕಿಟಕಿಯಾಚೆ ಹಿಮ ಸುರಿಯುತ್ತಲೇ ಇತ್ತು, ಒಳಗೆ ಒಲೆ ಗುಂಯ್‌ಗುಡುತ್ತಿತ್ತು. ಯಾರೋ ಅವಳ ಕೈ ಹಿಡಿದು ಕಿವಿಯಿಂದ ಬಿಡಿಸಿದರು. ಸೈಯೋರಾ! ಬೆಳಗ್ಗೆ ಸಾರಿನ ಪಾತ್ರೆ ಹಿಡಿದು ಬಂದವಳು ಅಂಗಿತೋಳು ಮಡಚಿ ರಾನೋ ಜೊತೆ ಒಳಗೇ ಉಳಿದಿದ್ದಳು.

"ಸುಯುಂಚಿ ಕೊಡು, ಸಫರ್ಗುಲ್!"

ಹುಟ್ಟಿದಾಗಿನಿಂದ ಅವಳನ್ನು ಯಾರೂ ಆ ಮಾತು ಕೇಳಿರಲಿಲ್ಲ. ಅವಳು ಸೈಯೋರಾಳ ಎರಡೂ ಭುಜ ಹಿಡಿದು, "ಏನ್ ಬೇಕು ಕೇಳು, ಏನ್ ಬೇಕಾದ್ರೂ ಕೊಡ್ತೀನಿ, ಬೇಗ ಹೇಳೇ!" ಎಂದಳು.

"ನಮ್ಮೆಜಮಾನ್ರನ್ನ ಕಂಡಾಗ ಇನ್ಮೇಲೆ ನಗ್ಬಾರ್ದು."

ಸಫರ್ಗುಲ್ ಅವಳ ಭುಜ ಅಲುಗಾಡಿಸಿದಳು. "ಅದೊಂದು ಬಿಟ್ಟು ಬೇರೆ ಕೇಳೇ, ಪುಣ್ಯಾತ್ಗಿತ್ತಿ! ನನ್ ಹಸು ತಗೋ!"

"ಹಸು ಬೇಡ. ಅವ್ರಿಗೆ ಮನೇಲಿ ಊಟ ಸೇರ್ತಿಲ್ಲ ಕಣೇ."

ಒಳಗಿಂದ ಎಳೆಯ ಅಳು ಕೇಳಿಸಿತು. ಸಿಟ್ಟಿನ ಅಳು, ಗಟ್ಟಿ ಅಳು. "ಆಯ್ತು, ಕೊಟ್ಟೆ!" ಎಂದಳು ಸಫರ್ಗುಲ್.

"ಹೆಣ್ಣು. ತಾಯಿ ಮಗು ಇಬ್ರೂ ಚೆನ್ನಾಗಿದಾರೆ."

ಮಗುವನ್ನು ಎದೆಗವಚಿ, ಮಗಳ ಹಣೆಗೆ ಮುತ್ತಿಟ್ಟು, ಬೀಗರಿಗೆ ಸುದ್ದಿ ಮುಟ್ಟಿಸಲು ಅವಳು ಹಿಮದಲ್ಲೇ ಓಡಿದಳು. ಬಾವಿಯ ತಿರುವಿನಲ್ಲಿ ರಯೀಸ್ ಎದುರಾದ. ನುಸುಳಲು ಅಲ್ಲಿ ಓಣಿ ಇರಲಿಲ್ಲ. ಸಫರ್ಗುಲ್ ತುಟಿ ಕಚ್ಚಿಕೊಂಡಳು. ಕಚ್ಚಿಕೊಳ್ಳಬೇಕಾಗಿರಲಿಲ್ಲ, ನಗು ಬರಲೇ ಇಲ್ಲ. ಅದರ ಬದಲು ಕಣ್ಣು ತುಂಬಿತು.

ಅವನು ಹಿಂಜರಿಯುತ್ತಾ, "ಮಗು ಹೇಗಿದೆ, ಸಫರ್ಗುಲ್?" ಎಂದು ಕೇಳಿದ.

"ಬೆಚ್ಚಗಿದೆ, ರಯೀಸ್ ಅಕಾ."

ಹೊಗಳಿಕೆ ಕೇಳಿ ಕೇಳಿ ರೂಢಿಯಾಗಿದ್ದ ರಯೀಸ್ ಆ ಒಂದು ಮಾತಿಗೆ ಅವಳ ಮುಖ ನೋಡಲಾರದೆ ಹೋದ. ಟೋಪಿ ತೆಗೆದು, ಹಿಮ ಕೊಡವುತ್ತಾ, ಅವಳು ಓಡಿಹೋಗಿ ಮರೆಯಾಗುವವರೆಗೂ ಬರಿ ತಲೆಯಲ್ಲಿ ಅಲ್ಲೇ ನಿಂತಿದ್ದ.