ಕಾರ್ಬನ್ನಿನೊಳಗೆ ನುಗ್ಗಿದ ಮೂರು ಹೈಡ್ರೋಜನ್

ಕಳೆದ ಸೋಮವಾರ ಅರವತ್ತು ಮಕ್ಕಳ ಎದುರಿಗೇ ನನ್ನ ಮೂರು ಹೈಡ್ರೋಜನ್ ಪರಮಾಣುಗಳು ಕಾರ್ಬನ್ನಿನ ಹೊಟ್ಟೆಯೊಳಗೆ ನುಗ್ಗಿ ಆಚೆ ಕಡೆಯಿಂದ ಹೊರಬಂದವು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು!

ಮೊದಲಿಂದ ಹೇಳುತ್ತೇನೆ. ಡೊಂಬಿವಲಿಯಿಂದ ಲೋಕಲ್ ಹಿಡಿದು, ಠಾಣೆಯಲ್ಲಿಳಿದು, ರಿಕ್ಷಾದವರ ಹತ್ತಿರ ಜಗಳವಾಡಿ ವರ್ತಕ ನಗರದ ಜೂನಿಯರ್ ಕಾಲೇಜು ಸೇರುವವಳು ನಾನು. ಇಪ್ಪತ್ತಾರು ವರ್ಷದಿಂದ ಕೆಮಿಸ್ಟ್ರಿ ಕಲಿಸಿಕೊಂಡು ಬಂದಿದ್ದೇನೆ. ಆಯುಧ ಎರಡೇ: ಚಾಕ್, ಮತ್ತು ಥರ್ಮೋಕೋಲ್ ಗುಂಡುಗಳಿಗೆ ಕಡ್ಡಿ ಚುಚ್ಚಿ ಮಾಡಿದ ಮಾಡೆಲ್.

ಹೋದ ತಿಂಗಳು ನೋಟಿಸ್ ಬಂತು. ಪ್ರತಿಯೊಬ್ಬ ಟೀಚರೂ ಸ್ವತಃ ಒಂದು ಆ್ಯನಿಮೇಷನ್ ಮಾಡಿ ಡೆಮೊ ಪಾಠ ಕೊಡಬೇಕು. ಪಾಸಾದವರಿಗೆ ಮುಂದಿನ ವರ್ಷ ಕ್ಲಾಸು. ಉಳಿದವರಿಗೆ ಅಡ್ಮಿಶನ್ ಕೌಂಟರ್. ಫಾರ್ಮ್ ಹಂಚುತ್ತಾ ರಿಟೈರ್ ಆಗಬೇಕೇ ನಾನು?

ನಮ್ಮವರು ಹೋಟೆಲಿನಿಂದ ಬಂದವರೇ ನನ್ನ ಮುಖ ನೋಡಿ, "ಅಲ್ಲ ಮಾರಾಯ್ತಿ, ಪರೀಕ್ಷೆ ಮಕ್ಕಳಿಗೋ ನಿನಗೋ?" ಎಂದರು. (ಉಡುಪಿಯವರ ಸಮಾಧಾನ ಎಂದರೆ ಹೀಗೇ.)

ಭಾನುವಾರ ಊಟವಾದ ಮೇಲೆ ಖಾರಘರದಲ್ಲಿರುವ ಮಗಳಿಗೆ ಫೋನ್ ಮಾಡಿದೆ. ನಾನು ಕನ್ನಡದಲ್ಲಿ ಅಳುತ್ತೇನೆ, ಅವಳು ಹಿಂದಿಯಲ್ಲಿ ಸಮಾಧಾನ ಮಾಡುತ್ತಾಳೆ. ನಮ್ಮ ಮನೆಯ ಪದ್ಧತಿ ಅದು.

"ಕೋಡಿಂಗ್ ಬರುವುದಿಲ್ಲವಲ್ಲೇ ನನಗೆ?"

"ಕೋಡಿಂಗ್ ಚಾಹಿಯೇ ಹೀ ನಹೀಂ, ಅಮ್ಮಾ. ಪಹಲಾ ಫ್ರೇಮ್ ಡಾಲೋ, ಆಖರೀ ಫ್ರೇಮ್ ಡಾಲೋ, ಪ್ಲೇ ದಬಾಓ. ಬಸ್!"

ಕೋಡಿಂಗೇ ಬೇಡ, ಮೊದಲ ಚಿತ್ರ, ಕೊನೆಯ ಚಿತ್ರ, ಇಷ್ಟೇನಾ? ಈಥೇನ್ ಅಣುವನ್ನೇ ಆರಿಸಿಕೊಂಡೆ. ಎರಡು ಕಾರ್ಬನ್, ಒಂದೊಂದಕ್ಕೂ ಮೂರು ಹೈಡ್ರೋಜನ್, ನಮ್ಮ ಸೀಲಿಂಗ್ ಫ್ಯಾನಿನ ಮೂರು ರೆಕ್ಕೆಗಳ ಹಾಗೆ. ಒಂದು ತುದಿಯ ರೆಕ್ಕೆಗಳು ಅರ್ಧ ಸುತ್ತು ತಿರುಗುವುದನ್ನು ತೋರಿಸಬೇಕಿತ್ತು. ಶುರುವಿನ ಚಿತ್ರ ಇಟ್ಟೆ, ಕೊನೆಯ ಚಿತ್ರ ಇಟ್ಟೆ, ಪ್ಲೇ ಒತ್ತಿದೆ. ಅಯ್ಯೋ, ಆಡಿಯೇಬಿಟ್ಟಿತು! ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ನಾನು ನೋಡಿದ್ದು ಅದು ಅಲ್ಲಾಡಿತು ಎಂಬುದನ್ನಷ್ಟೇ. ಹೇಗೆ ಅಲ್ಲಾಡಿತು ಎಂದು ನೋಡಲೇ ಇಲ್ಲ.

ಡೆಮೊ ದಿನ ಎಲ್ಲರಿಗೂ ಕಾಣಲೆಂದು ನಿಧಾನಗತಿಯಲ್ಲಿ ಹಾಕಿದೆ. ದೊಡ್ಡ ಪರದೆ. ರೆಕ್ಕೆಗಳು ಸುತ್ತಲೇ ಇಲ್ಲ! ಮೂರೂ ಹೈಡ್ರೋಜನ್ ನೆಟ್ಟಗೆ ಒಳಕ್ಕೆ ಬಂದವು, ಒಂದೇ ಚುಕ್ಕೆಯಾದವು, ಕಾರ್ಬನ್ನಿನಲ್ಲಿ ಮುಳುಗಿದವು, ಎದುರು ದಿಕ್ಕಿನಲ್ಲಿ ಎದ್ದವು. ಸಾಫ್ಟ್‌ವೇರಿಗೆ ದಾರಿ ಗೊತ್ತಿಲ್ಲ. ಎರಡು ಚಿತ್ರಗಳ ನಡುವೆ ಅದು ಸೀದಾ ಗೆರೆ ಎಳೆಯುತ್ತದೆ.

ಎರಡನೇ ಬೆಂಚಿನ ಋತುಜಾ ಕೈ ಎತ್ತಿದಳು. "ಮ್ಯಾಡಮ್, ತೇ ತಿಘೇ ಆತ ಕಸೇ ಗೇಲೇ?" ಅವು ಮೂರೂ ಒಳಗೆ ಹೇಗೆ ಹೋದವು?

ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಪೆನ್ನು ಹಿಡಿದು ಕೂತಿದ್ದಾರೆ. ಏನು ಹೇಳಲಿ? ತಪ್ಪಾಯಿತು ಎನ್ನಲೇ? ಕಣ್ಣೆದುರು ಅಡ್ಮಿಶನ್ ಕೌಂಟರ್ ಬಂತು. "ಎಕ್ಸಲೆಂಟ್ ಕ್ವೆಶ್ಚನ್! ನಾಳೆ ಹೇಳುತ್ತೇನೆ" ಎಂದುಬಿಟ್ಟೆ. (ಉತ್ತರ ಗೊತ್ತಿಲ್ಲದ ಟೀಚರು ಹೇಳುವ ಮಾತನ್ನು ಗೊತ್ತಿದ್ದೂ ಹೇಳಿದೆ. ನಾಚಿಕೆಗೇಡು.)

ಆಗಲೇ ಆ ಚಪ್ಪಾಳೆ ಬಿದ್ದದ್ದು. ಪ್ರಿನ್ಸಿಪಾಲರು ಇತಿಹಾಸದವರು. "ವಾಹ್ ಮ್ಯಾಡಮ್, ಕಿತನಾ ಸ್ಮೂತ್!" ಎಂದರು. ಎಷ್ಟು ನಯವಾಗಿದೆಯಂತೆ! ಪಾಸಾದೆ. ಸಂಜೆಯೊಳಗೆ ಆ ಆ್ಯನಿಮೇಷನ್ ನನ್ನ ಹೆಸರಿನೊಂದಿಗೆ ನಮ್ಮ ಕಲ್ಯಾಣ ಮತ್ತು ಖಾರಘರದ ಬ್ರಾಂಚುಗಳಿಗೂ ಹೋಯಿತು.

ಆ ದಿನ ಊಟ ಸೇರಲಿಲ್ಲ. ಥರ್ಮೋಕೋಲ್ ಗುಂಡುಗಳನ್ನು ಎಷ್ಟು ಬೈದುಕೊಂಡಿದ್ದೆ! ಆದರೆ ಅವು ಒಂದರೊಳಗೊಂದು ನುಗ್ಗುತ್ತಿರಲಿಲ್ಲ. ತಪ್ಪಾಗಿ ತಿರುಗಿಸಿದರೆ ಕಡ್ಡಿ ಮುರಿಯುತ್ತಿತ್ತು, ಕೈಗೆ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಮುರಿಯುವುದಿಲ್ಲ. ನನಗೆ ಹೆದರಿಕೆ ಅದೇ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಮತ್ತೆ ಕೂತೆ. ಅರ್ಧ ಸುತ್ತಿನ ನಡುವೆ ಐದು ಚಿತ್ರ ಸೇರಿಸಿ, ರೆಕ್ಕೆಗಳನ್ನು ಕೈಯಾರೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಈಗ ಸುತ್ತಿತು. ಸ್ವಲ್ಪ ಕುಂಟುತ್ತಾ, ಆದರೆ ಸುತ್ತಿತು! ಕ್ಲಾಸಿನಲ್ಲಿ ತೋರಿಸಿ, "ನಿನ್ನೆಯದು ನನ್ನ ತಪ್ಪು" ಎಂದೆ. ಋತುಜಾ ನಿನ್ನೆ ಪರದೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಚಿತ್ರವನ್ನು ಅಳಿಸಿದಳು. ಉಳಿದ ಐವತ್ತೊಂಬತ್ತು ಮಂದಿ ಆಮೇಲೆ ಅಳಿಸಿದರು.

ಅಲ್ಲಿಂದ ಪೆನ್‌ಡ್ರೈವ್ ಹಿಡಿದು ಪ್ರಿನ್ಸಿಪಾಲರ ಕ್ಯಾಬಿನ್ನಿಗೆ ಹೋದೆ. ತಪ್ಪನ್ನು ಬಿಡಿಸಿ ಹೇಳಿದೆ. ಅವರು ಎರಡನ್ನೂ ನೋಡಿದರು.

"ಯೇ ಥೋಡಾ ಅಟಕತಾ ಹೈ, ಮ್ಯಾಡಮ್. ಪಹಲೇವಾಲಾ ಹೀ ರಹನೇ ದೀಜಿಯೇ." ಇದು ತಡೆದು ತಡೆದು ಓಡುತ್ತದಂತೆ, ಮೊದಲಿನದೇ ಇರಲಂತೆ!

ಮೊದಲಿನದು ತಪ್ಪು ಎಂದು ಬ್ರಾಂಚಿನ ಟೀಚರುಗಳಿಗೆ ನಾನೇ ಮೆಸೇಜ್ ಹಾಕಿದ್ದೇನೆ. ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಾರೆ. ಓದಿದ್ದಾರೋ, ಬರೀ ಒತ್ತಿದ್ದಾರೋ?

ಖಾರಘರದ ಕ್ಲಾಸಿನಲ್ಲೂ ಎರಡನೇ ಬೆಂಚಿನಿಂದ ಒಂದು ಕೈ ಮೇಲೆದ್ದೀತೇ?